ಅಜ್ಜನ ಕಿವಿ, ನಮ್ಮ ಇಂಜಿನ್

ಪದವಿ ಮುಗಿಸಿ ಎರಡು ವರ್ಷವಾದರೂ ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಆಗುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ದಿನಚರಿಯಲ್ಲಿ ಬರೆದು ಮುಚ್ಚಿಡುತ್ತಿದ್ದೆ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ಆದರೆ ಒಂದು ಅಳುಕು ಕಾಡತೊಡಗಿತು: ನಾನು ಸುಮ್ಮನಿರುವುದರಿಂದಲೇ ಅಜ್ಜ ತಾನು ಕಿವುಡನಾದೆ ಎಂದು ನಂಬಿಬಿಟ್ಟರೇ?

ನಮ್ಮದು ಮೀನು ಹಿಡಿಯುವ ಮನೆ. ನದಿ ಕಡಲಿಗೆ ಸೇರುವಲ್ಲಿ ನಮ್ಮ ಕೇರಿಯ ಎಂಟು ದೋಣಿಗಳು ಸಂಜೆ ಒಟ್ಟಿಗೆ ನಿಲ್ಲುತ್ತವೆ. ಅಜ್ಜ ದೋಣಿ ನಡೆಸುವ ಮರದ ಹುಟ್ಟಿನ ಅಗಲ ತುದಿಯನ್ನು ನೀರಿಗಿಳಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೂರುತ್ತಾರೆ. ಗಂಡು ಮೀನು ಹೊಟ್ಟೆಯೊಳಗಿನ ಗಾಳಿಚೀಲವನ್ನು ಡೋಲಿನಂತೆ ಅದುರಿಸಿ ಹೆಣ್ಣನ್ನು ಕರೆಯುತ್ತದೆ. ಆ ಗೊರಗೊರ ಸದ್ದು ಮರದೊಳಗಿಂದ ಏರಿ ಅಜ್ಜನನ್ನು ಮುಟ್ಟುತ್ತದೆ.

"ಇಲ್ಲಿ ಮದುವೆ ನಡೀತಿದೆ. ಬಲೆ ಬೇಡ, ಆಚೆ ನಡೀರಿ" ಎಂದು ಅವರೆಂದರೆ ಎಂಟೂ ದೋಣಿಗಳು ಆಚೆ ಸರಿಯುತ್ತಿದ್ದವು. ಮೊಟ್ಟೆಯಿಡಲು ಬಿಟ್ಟ ಜಾಗದಲ್ಲಿ ಮುಂದೆ ಮರಿಗಳು ಮಿಣಮಿಣ ಎನ್ನುತ್ತಿದ್ದವು. ಒಂದು ಮರದ ತುಂಡು ಹಿಡಿದು ನೀರಿನ ಹೊಟ್ಟೆಯನ್ನು ಓದುವ ಈ ವಿದ್ಯೆಯನ್ನು ನನ್ನ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ಆಮೇಲೆ ದೊಡ್ಡ ಇಂಜಿನ್‌ಗಳು ಬಂದವು. ನಮ್ಮ ಚಿಕ್ಕಪ್ಪನಂತೂ ಸೈಲೆನ್ಸರನ್ನೇ ಕಿತ್ತೆಸೆದರು. ಅಜ್ಜ ಕಿವಿಗೊಟ್ಟು ಕೂತಾಗಲೂ ಯಾರೂ ಇಂಜಿನ್ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದಂತೆ. ಅಜ್ಜನಿಗೆ ಏನೂ ಕೇಳಿಸದಾಯಿತು.

"ಅಪ್ಪಾ, ನಿಮ್ಮ ಕಿವಿ ರಿಟೈರ್ ಆಯ್ತು. ಇನ್ನು ದಡದಲ್ಲೇ ಕೂತು ಬಲೆ ಹೊಲೀರಿ" ಎಂದರು ಚಿಕ್ಕಪ್ಪ.

ಅಜ್ಜ ಹುಟ್ಟನ್ನು ಗೋಡೆಗೆ ಒರಗಿಸಿದರು.

ಡೀಸೆಲ್ ಸಿಗದೆ ದೋಣಿಗಳೆಲ್ಲ ದಡದಲ್ಲೇ ಉಳಿದ ಒಂದು ಸಂಜೆ, ನಾನು ಆ ಹುಟ್ಟನ್ನು ಕದ್ದೊಯ್ದು ದೋಣಿ ಕಟ್ಟೆಯ ಮೇಲೆ ಕೂತು, ತುದಿಯನ್ನು ನೀರಿಗಿಳಿಸಿ ಕಿವಿಗಿಟ್ಟೆ. ಗೊರಗೊರ! ಒಂದಲ್ಲ, ನೂರಾರು. ಮೈ ಜುಮ್ಮೆಂದಿತು. ಮರುದಿನ ಇಂಜಿನ್‌ಗಳು ಮತ್ತೆ ಶುರುವಾದವು, ಮೀನಿನ ಸದ್ದು ಮುಳುಗಿತು. ಎರಡನ್ನೂ ತಾರೀಕು ಹಾಕಿ ಬರೆದಿಟ್ಟೆ. ಹೇಳಲಿಲ್ಲ. ಚಿಕ್ಕಪ್ಪ ನಗುತ್ತಾರೆಂಬ ಭಯ.

ಊರೂರು ಸುತ್ತಿ ಕಿವಿ ಪರೀಕ್ಷೆ ಮಾಡುವ ನರ್ಸಕ್ಕ ಒಂದು ದಿನ ನಮ್ಮ ದೋಣಿ ಶೆಡ್ಡಿಗೆ ಬಂದಾಗ ಅಜ್ಜನನ್ನು ಕೂರಿಸಿದೆವು.

"ಕೀರಲು ದನಿ ಕೇಳಿಸೋದು ಸ್ವಲ್ಪ ಕಮ್ಮಿ, ವಯಸ್ಸಾಯ್ತಲ್ಲ. ದಪ್ಪ ದನಿ ಮಾತ್ರ ಗಟ್ಟಿಯಾಗಿ ಕೇಳಿಸುತ್ತೆ" ಎಂದರು ನರ್ಸಕ್ಕ.

"ಹಾಗಾದ್ರೆ ಮೀನಿಗೇ ಗಂಟಲು ಕಟ್ಟಿರ್ಬೇಕು. ಅದಕ್ಕೂ ಒಂದು ಔಷಧಿ ಬರ್ಕೊಡಿ" ಎಂದು ಚಿಕ್ಕಪ್ಪ ನಕ್ಕರು.

ನಾನು ಆ ಎರಡು ದಿನದ ಪುಟ ತೆರೆದು ದಿನಚರಿಯನ್ನು ನರ್ಸಕ್ಕನ ಕೈಗಿಟ್ಟೆ. ಅವರು ಓದಿ ಚಿಕ್ಕಪ್ಪನ ಕಡೆ ತಿರುಗಿದರು.

"ಅಣ್ಣಾ, ಮೀನಿನ ದನಿ ದಪ್ಪ, ನಿಮ್ಮ ಇಂಜಿನ್ ದನಿಯೂ ದಪ್ಪ. ಒಂದು ಇನ್ನೊಂದನ್ನ ನುಂಗ್ತಿದೆ. ನೀರಲ್ಲಿ ಸದ್ದು ಗಾಳೀಲಿ ಹೋಗೋದಕ್ಕಿಂತ ಬೇಗ ಹೋಗುತ್ತೆ, ಬಹಳ ದೂರ ಹೋಗುತ್ತೆ. ಗಂಡು ಕರೆದದ್ದು ಹೆಣ್ಣಿಗೆ ಕೇಳಿಸದಿದ್ರೆ ಮೊಟ್ಟೆ ಎಲ್ಲಿಂದ? ಮೊಟ್ಟೆ ಇಲ್ದೆ ಮೀನೆಲ್ಲಿಂದ?"

"ಪುಸ್ತಕದ ಮಾತು!"

"ಸರಿ, ಇವತ್ತೇ ಇಂಜಿನ್ ನಿಲ್ಸಿ ನೋಡಿ."

"ನೋಡೇಬಿಡೋಣ. ಇವತ್ತೂ ಕೇಳಿಸದಿದ್ರೆ ಆ ಹುಟ್ಟು ಒಲೆಗೆ" ಎಂದರು ಚಿಕ್ಕಪ್ಪ.

ಸಂಜೆ ಹೊರಟೆವು. ಚಿಕ್ಕಪ್ಪ ಇಂಜಿನ್ ನಿಲ್ಲಿಸಿದರು. ಅಜ್ಜ ಹುಟ್ಟನ್ನು ನೀರಿಗಿಳಿಸಿ ಕಣ್ಣು ಮುಚ್ಚಿದರು. ಬಹಳ ಹೊತ್ತಾಯಿತು. ಕೊನೆಗೆ ಇಲ್ಲವೆಂದು ತಲೆಯಾಡಿಸಿ, ಹುಟ್ಟನ್ನು ಮೇಲೆತ್ತಿ ಚಿಕ್ಕಪ್ಪನ ಕೈಗೆ ಕೊಡಲು ಹೋದರು. "ನೀನು ಹೇಳಿದ್ದೇ ಸರಿ ಕಣೋ" ಎಂದರು.

ಸುತ್ತ ನೋಡಿದೆ. ನಮ್ಮದೊಂದೇ ದೋಣಿ ಸುಮ್ಮನಿತ್ತು. ಉಳಿದ ಏಳೂ ಗುಡುಗುಡು ಎನ್ನುತ್ತಿದ್ದವು.

ಏಳೂ ದೋಣಿಯವರು ನನ್ನನ್ನೇ ನೋಡುತ್ತಾರೆಂದು ಗೊತ್ತಿತ್ತು. ಆದರೂ ದೋಣಿಯ ಮೂತಿಯ ಮೇಲೆ ಹತ್ತಿ ನಿಂತು, ಇಂಜಿನ್ ನಿಲ್ಲಿಸಿ ಎಂದು ಎರಡೂ ಕೈ ಬೀಸಿ ಸನ್ನೆ ಮಾಡಿದೆ. ಒಬ್ಬರು ನಿಲ್ಲಿಸಿದರು. ಅವರನ್ನು ನೋಡಿ ಇನ್ನೊಬ್ಬರು. ಕೊನೆಯ ಇಂಜಿನ್ ಕೆಮ್ಮಿ ಸುಮ್ಮನಾಯಿತು.

ಅಜ್ಜ ಮತ್ತೆ ಹುಟ್ಟಿಗೆ ಕಿವಿಯಿಟ್ಟರು. ಸುಕ್ಕುಗಟ್ಟಿದ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಹಿಡಿಯನ್ನು ಚಿಕ್ಕಪ್ಪನ ಕಿವಿಗೆ ಒತ್ತಿದರು.

"ಅಯ್ಯೋ!" ಚಿಕ್ಕಪ್ಪನ ಬಾಯಿ ತೆರೆದೇ ಇತ್ತು. "ಇಷ್ಟೊಂದು ಗದ್ದಲವಾ ಕೆಳಗೆ? ಅಪ್ಪಾ, ನಾಳೆಯೇ ಸೈಲೆನ್ಸರ್ ಹಾಕಿಸ್ತೀನಿ."

"ಏನಮ್ಮಾ ಮೌನಗೌರಿ, ಯಾಕೆ ನಿಲ್ಲಿಸಿದ್ದು?" ಎಂದು ಆಚೆ ದೋಣಿಯವರು ಕೂಗಿದರು.

ಓದುತ್ತಿರುವವರೇ, ಅವತ್ತು ಎಂಟು ದೋಣಿಗಳಿಗೆ ನಾನು ಕೂಗಿ ಕೊಟ್ಟ ಉತ್ತರವೇ ನಿಮಗೂ ನನ್ನ ಬಿನ್ನಹ. ನಿಮ್ಮದು ದೋಣಿಯಿರಲಿ, ಕೆರೆಯ ಪಂಪಿರಲಿ, ಮರದಡಿ ನಿಂತ ಲಾರಿಯಿರಲಿ.

"ನಮ್ಮ ಅಜ್ಜ ಕಿವುಡರಲ್ಲ! ಕೆಳಗೆ ಮೀನುಗಳ ಮಾತು ನಡೀತಿದೆ, ನಮ್ಮ ಸದ್ದಲ್ಲಿ ಅವಕ್ಕೆ ಒಂದರದ್ದೊಂದು ಕೇಳಿಸ್ತಿಲ್ಲ. ಕಾಯ್ತಾ ನಿಂತಾಗ ಇಂಜಿನ್ ಆಫ್ ಮಾಡಿ!"