ಹಸಿವಿಲ್ಲದ ಉಪವಾಸ

ಜೈನರ ಹತ್ತು ದಿನಗಳ ದಶಲಕ್ಷಣ ಪರ್ವದ ಮೊದಲ ದಿನ ಬ್ರಾಹ್ಮಿ ಎಲ್ಲರಿಗೂ ಬಡಿಸಿ, ತನಗೊಂದು ತಾಟು ಹಾಕಿಕೊಳ್ಳದೆ ಗೋಡೆಗೆ ಒರಗಿ ಕೂತಳು. ಅತ್ತೆ ತಾರಾಬಾಯಿ ಅದನ್ನು ನೋಡಿ ಕೇಳಿದರು, "ಉಪಾಸ ಹಿಡದಿಯೇನ ಬ್ರಾಹ್ಮಿ?"

ಹೌದೆಂದುಬಿಡುವುದು ಸುಲಭವಾಗಿತ್ತು. "ಹೂಂರಿ ಅತ್ತಿ," ಅಂದಳು.

ನಿಜವೆಂದರೆ ಮಳೆಗಾಲ ಶುರುವಾದಾಗಿನಿಂದ ಅವಳಿಗೆ ಎರಡು ತುತ್ತಿನ ಮೇಲೆ ಇಳಿಯುತ್ತಿರಲಿಲ್ಲ. ಏಳು ತಿಂಗಳ ಬಸಿರಿನಲ್ಲಿ ಕೂಸು ಇದ್ದಕ್ಕಿದ್ದಂತೆ ಒದೆಯುವುದನ್ನು ನಿಲ್ಲಿಸಿತ್ತು. ಚಿಕ್ಕೋಡಿಯ ದವಾಖಾನೆಯಲ್ಲಿ ಹೆತ್ತಳು. ಹೆಣ್ಣು ಎಂದಷ್ಟೇ ತಿಳಿಯಿತು. ಮುಖ ನೋಡಿದರೆ ಮರೆಯುವುದು ಕಷ್ಟವೆಂದು ಹಿರಿಯರು ನೋಡಗೊಡಲಿಲ್ಲ. ಗಂಡ ಸಮ್ಮೇದ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದವನು ಬರಿಗೈಯಲ್ಲಿ ಬಂದ. ಎಲ್ಲಿ ಮಣ್ಣು ಮಾಡಿದೆನೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಾತಾಡಿಸಲು ಬಂದವರು "ಇನ್ನೂ ವಯಸ್ಸೈತಿ, ಮತ್ತೊಂದ ಆಗತೈತಿ ಬಿಡ" ಎಂದು ಚಹಾ ಕುಡಿದು ಎದ್ದರು.

ಬಾಣಂತಿಯ ಮೈ ಸುಧಾರಿಸುವ ಮೊದಲೇ ದೂಧಗಂಗೆ ಏರಿತು. ಅವರೂರು ಸದಲಗಾದ ಹೊಳೆದಂಡೆಯ ಹೊಲಗಳೆಲ್ಲ ನೀರೊಳಗೆ ನಿಂತವು. ಮನೆಯವರು ಎಮ್ಮೆಗಳನ್ನು ಹೊಡೆದುಕೊಂಡು ಎತ್ತರದ ಓಣಿಯ ನೆಂಟರ ಮನೆ ಸೇರಿದರು. ಅಷ್ಟು ಜನರ ನಡುವೆ ಅಳುವುದಕ್ಕೆ ಒಂದು ಮೂಲೆಯೂ ಇರಲಿಲ್ಲ. ಹಾಲು ಹಿಂಡಬೇಕು, ರೊಟ್ಟಿ ಬಡಿಯಬೇಕು, ಮಕ್ಕಳನ್ನು ನೀರಿನ ಕಡೆ ಬಿಡದಂತೆ ಕಾಯಬೇಕು. ನೀರು ಇಳಿದು ಮನೆಗೆ ಮರಳುವಷ್ಟರಲ್ಲಿ ಅವಳ ಅಳುವೂ ಎಲ್ಲೋ ಇಂಗಿ ಹೋಗಿತ್ತು. ಉಳಿದದ್ದು ಭಾರ. ಬೆಳಗ್ಗೆ ಕಣ್ಣು ಬಿಟ್ಟರೆ ಅದು ಎದೆಯ ಮೇಲೆ ಕೂತಿರುತ್ತಿತ್ತು. ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದಂತಾಗುತ್ತಿತ್ತು.

ಇತ್ತ ಉಪವಾಸದ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಕಾಸಿದ ನೀರಿನ ಮೇಲೆಯೇ ಇದ್ದಾಳಂತೆ ಎಂದು ಹೆಂಗಸರು ಬಂದು ಕಾಲು ಮುಟ್ಟಿದರು. ಬಹಳ ದಿನಗಳ ಮೇಲೆ ತಾರಾಬಾಯಿಯ ಮುಖ ಅರಳಿತ್ತು. ಉಪವಾಸ ಬಿಡುವ ಪಾರಣೆಯ ದಿನದ ಮೆರವಣಿಗೆಗೆ ಸಮ್ಮೇದ ಬ್ಯಾಂಡಿನವರಿಗೆ ಹೇಳಿಬಂದ. ಬ್ರಾಹ್ಮಿ ಎಲ್ಲವನ್ನೂ ದೂರದಿಂದ ಕೇಳಿದಂತೆ ಕೇಳುತ್ತಿದ್ದಳು.

ಪರ್ವಕ್ಕೆಂದು ಐನಾಪುರದಿಂದ ಸಮ್ಮೇದನ ಸೋದರತ್ತೆ ಸಕ್ಕುಬಾಯಿ ಬಂದರು. ಕೈಕಾಲು ತೊಳೆದವರೇ ಬ್ರಾಹ್ಮಿಯ ಪಕ್ಕದಲ್ಲಿ ಕೂತು, "ಹಸವು ಹ್ಯಾಂಗೈತಿ?" ಎಂದು ಕೇಳಿದರು.

"ಏನೂ ಅನಸೂದಿಲ್ರಿ."

"ಏನೂ ಇಲ್ಲಾ?"

"ಇಲ್ರಿ."

ಮುದುಕಿ ಅವಳ ಮುಖವನ್ನೇ ನೋಡಿದರು. "ನಾ ಬಾಳ ವರ್ಷ ಈ ಉಪಾಸ ಮಾಡೇನಿ. ಎರಡನೇ ದಿನ ಕಣ್ಣ ಮುಚ್ಚಿದ್ರ ಜ್ವಾಳದ ರೊಟ್ಟಿ ಕಾಣತಿತ್ತು. ಬಾಜೂ ಮನ್ಯಾಗ ಒಗ್ಗರಣಿ ಹಾಕಿದ್ರ ಸಿಟ್ಟ ಬರತಿತ್ತು. ಎಂದಿನಿಂದ ಹಿಂಗ ನಿನಗ?"

"ಕೂಸ ಹೋದಾಗಿಂದ್ರಿ."

ಅಂದಿನಿಂದ ಆ ಮನೆಯಲ್ಲಿ ಕೂಸು ಎಂಬ ಮಾತನ್ನು ಯಾರೂ ಆಡಿರಲಿಲ್ಲ. ಹೇಳಿದ ಬ್ರಾಹ್ಮಿಯೇ ಬೆಚ್ಚಿದಳು.

"ಸಾಯಬೇಕು ಅನಸತೈತೇನ?" ನೀರು ಬೇಕೇನು ಎಂದು ಕೇಳುವ ದನಿಯಲ್ಲೇ ಸಕ್ಕುಬಾಯಿ ಕೇಳಿದರು.

"ಹಂಗಲ್ರಿ. ಮುಂಜಾನಿ ಏಳೂದ ಬ್ಯಾಡ ಅನಸತೈತಿ."

ಸಕ್ಕುಬಾಯಿ ಬುದ್ಧಿ ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡೇ ಕೂಗಿದರು, "ತಾರಾ, ಒಂದೀಟ ಗಂಜಿ ಮಾಡ್ಕೊಂಡ ಬಾ."

ತಾರಾಬಾಯಿ ಬಾಗಿಲಲ್ಲಿ ಬಂದು ನಿಂತರು. "ಅರ್ಧಕ್ಕ ಮುರದ್ರ ಮಂದಿ ಏನಂದಾರ್ರಿ ಅಕ್ಕಾ? ಪಾರಣಿಗೆ ಬರ್ರಿ ಅಂತ ರಾಯಬಾಗದ ಬೀಗರಿಗೂ ಹೇಳೇವಿ."

"ಹುಡುಗಿಗೆ ಜಡ್ಡ ಐತಿ. ಬಸ್ತಿ ಗುಡಿಗೆ ಹೋಗಿ ನಾನ ಹೇಳತೇನಿ."

"ಎಂಥಾ ಜಡ್ಡ? ಜ್ವರ ಇಲ್ಲ, ಕೆಮ್ಮ ಇಲ್ಲ."

"ಮನಸಿಂದು."

"ಹುಚ್ಚಿ ಅಂತ ಹೆಸರ ಇಡತಾರ್ರಿ," ಎಂದು ತಾರಾಬಾಯಿ ಹೊಸ್ತಿಲ ಬಳಿ ಕೂತರು. ಕೊನೆಗೆ ಎದ್ದು ಗಂಜಿಗೆ ಒಲೆ ಹಚ್ಚಿದರು. ಅಂಗಳದಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಸಮ್ಮೇದ ಬ್ಯಾಂಡಿನವರಿಗೆ ಫೋನ್ ಮಾಡಿ ಬರಬೇಡಿರೆಂದ.

ಮರುದಿನವೇ ಬೈಕಿನ ಮೇಲೆ ಅವಳನ್ನು ನಿಪ್ಪಾಣಿಗೆ ಕರೆದೊಯ್ದ. ಮನೋರೋಗದ ಡಾಕ್ಟರು ನಡುವಯಸ್ಸಿನ ಹೆಂಗಸು. ಅವಸರ ಮಾಡದೆ ಕೇಳಿದರು, ಗುಳಿಗೆ ಕೊಟ್ಟರು, ಮಾತಾಡಲು ಮತ್ತೆ ಮತ್ತೆ ಬರಬೇಕೆಂದರು.

ಗುಳಿಗೆಯಿಂದ ಪವಾಡವೇನೂ ಆಗಲಿಲ್ಲ. ಪಾರಣೆಯ ದಿನ ಬೇರೆಯವರ ಮೆರವಣಿಗೆ ಮನೆಯ ಮುಂದೆ ಹಾಯ್ದು ಹೋಗುವಾಗ ತಾರಾಬಾಯಿ ಕಿಟಕಿ ಮುಚ್ಚಿದರು. ಕಾಲು ಮುಟ್ಟಿದ್ದ ಕೆಲವರು ಹಾದಿಯಲ್ಲಿ ಮುಖ ತಿರುಗಿಸಿದರು. ದೀಪಾವಳಿ ಕಳೆದ ಮೇಲೆ ಬ್ರಾಹ್ಮಿ ಒಂದು ರೊಟ್ಟಿ ತಿನ್ನತೊಡಗಿದಳು. ಅದರ ಜೊತೆಗೇ ಅಳುವೂ ಬಂತು, ಹಾಲು ಹಿಂಡುವಾಗ, ಬಟ್ಟೆ ಒಗೆಯುವಾಗ. ಅವಳು ಅತ್ತಾಗೆಲ್ಲ ಸಮ್ಮೇದ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ. ಒಂದು ಮಧ್ಯಾಹ್ನ ಅವಳು ಅವನ ಹಿಂದೆಯೇ ಹೋದಳು.

"ಎಲ್ಲಿ ಇಟ್ಟೀರಿ ಆಕಿನ್ನ?"

ಅವನು ಹೊಳೆಯ ಕಡೆ ನಡೆದ. ಪ್ರವಾಹಕ್ಕೆ ಬದುವೆಲ್ಲ ಕಿತ್ತುಹೋಗಿ ಹೊಳೆ ತಂದ ರೇವೆ ಮಣ್ಣಷ್ಟೇ ಹರಡಿತ್ತು. ಅತ್ತಿತ್ತ ಅಡ್ಡಾಡಿ, "ಇಲ್ಲೇ... ಇಲ್ಲೇ ಎಲ್ಲೋ," ಎಂದವನು ಅಲ್ಲೇ ಕುಕ್ಕರಿಸಿದ. "ದಿನಾ ಬಂದ ಹುಡಕತೇನಿ. ಹೊಳಿ ಒಯ್ದೈತಿ ಕಾಣತೈತಿ."

ಬ್ರಾಹ್ಮಿ ಪಕ್ಕದಲ್ಲಿ ಕೂತಳು.

"ಮಾರಿ ನೋಡಿದ್ನಿ ನಾ," ಅಂದ ಅವನು. "ನಿನ್ನಂಥಾದ್ದಽ ಮೂಗ."

ತನಗೆ ಸಿಗದದ್ದು ಅವನಿಗೆ ಸಿಕ್ಕಿತ್ತೆಂದು ಅವಳಿಗೆ ಕ್ಷಣ ಹೊಟ್ಟೆಕಿಚ್ಚಾಯಿತು. ಆಮೇಲೆ ಆ ಮುಖವನ್ನು ಇಷ್ಟು ದಿನ ಒಬ್ಬನೇ ಹೊತ್ತು ತಿರುಗಿದನಲ್ಲ ಎನಿಸಿತು. "ಕೂದಲ ಇತ್ತೇನ್ರಿ?" ಎಂದು ಕೇಳಿದಳು.

"ಇತ್ತು. ಕರ್ರಗ, ತುಂಬ." ಅಷ್ಟು ಹೇಳಿ ಅವನು ಮೊಳಕಾಲಿಗೆ ಮುಖ ಒತ್ತಿ ಅತ್ತ. ಅವನು ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ.

ಮುಂದಿನ ಸಲ ನಿಪ್ಪಾಣಿಗೆ ಹೋದಾಗ ತನ್ನ ಮಾತು ಮುಗಿದ ಮೇಲೆ ಬ್ರಾಹ್ಮಿ ಡಾಕ್ಟರಿಗೆ ಹೇಳಿದಳು, "ಇವರೂ ನಿದ್ದಿ ಮಾಡೂದಿಲ್ರಿ. ಇವರನ್ನೂ ಒಂದೀಟ ಕೇಳ್ರಿ."

"ನನಗೇನಾಗೈತ್ರಿ? ಆಕಿನ್ನ ನೋಡ್ರಿ," ಎಂದು ಸಮ್ಮೇದ ಬಾಗಿಲ ಬಳಿಯೇ ನಿಂತ. ಡಾಕ್ಟರು ಕುರ್ಚಿ ತೋರಿಸಿದರು. ಒಲ್ಲದ ಮನಸ್ಸಿನಿಂದ ಕೂತು, ಹೊಲದ ಮಣ್ಣು ಕೊಚ್ಚಿಹೋಯಿತೆಂದ, ಎಮ್ಮೆಗಳ ಹಾಲು ಕಡಿಮೆಯಾಗಿದೆಯೆಂದ. ಕೂಸಿನ ಮಾತು ಮಾತ್ರ ಎತ್ತಲಿಲ್ಲ. ಡಾಕ್ಟರು ಕಾಯುತ್ತಿದ್ದರು.

ಬ್ರಾಹ್ಮಿ ಮೆಲ್ಲನೆ ಎದ್ದು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಬೆಂಚಿನ ಮೇಲೆ ಕೂತಳು.