ಬಸುರಿ ಕಲ್ಲಿನ ಉಡಿ

ಈ ಕಥೆಯನ್ನು ಮೊದಲು ಹೇಳಿದವರು ಯಾದಗಿರಿ ಕಡೆಯ ಹುಸೇನಮ್ಮ. ಹೇಳಿದ್ದು ಹೋದ ವರ್ಷದ ಸೀಗಿ ಹುಣ್ಣಿಮೆಯ ಸಂಜೆ, ತೆಲುಗು ಸೀಮೆಯ ಕೊಂಡಾಪುರದ ಕೂಲಿಗಳ ಮನೆಸಾಲಿನಲ್ಲಿ, ಕಲ್ಲು ಒಡೆಯುವ ಬಸುವಿನ ತಗಡಿನ ಮನೆಯ ಮುಂದೆ. ಭೂಮಿತಾಯಿ ಬಸುರಿಯೆಂದು ಹೊಲಕ್ಕೆ ಬಯಕೆಯೂಟ ಒಯ್ಯುವ ಹುಣ್ಣಿಮೆ ಅದು. ಹೊಲವಿಲ್ಲದ ಊರಿನಲ್ಲಿ ಕೂತವರಿಗೆ ಹುಸೇನಮ್ಮ ಕಲ್ಲಿನ ಬಸುರಿನ ಮಾತೆತ್ತಿದರು.

ಅಲ್ಲೇ ಅಪಾರ್ಟ್‌ಮೆಂಟೊಂದರ ಪಾಯಕ್ಕೆ ಬಂಡೆ ಒಡೆಯುತ್ತಿದ್ದಾಗ, ಬೆಣಚುಕಲ್ಲಿನ ಬಿಳಿ ಪಟ್ಟೆಯೊಂದರಲ್ಲಿ ಬಸುವಿನ ಹಾರೆ ಒಮ್ಮೆಲೆ ಒಳಕ್ಕೆ ಜಾರಿತು. ಬಗ್ಗಿ ನೋಡಿದರೆ ಪೊಟರೆ. ಅದರ ತುಂಬ ಆರು ಮುಖದ ಸ್ಫಟಿಕದ ಹರಳುಗಳು, ನೀರಿನಷ್ಟು ತಿಳಿಯಾಗಿ, ಮೊನೆ ಚಾಚಿ ನಿಂತಿದ್ದವು.

ಇದಕ್ಕೆ ಯಾದಗಿರಿ ಕಡೆಯ ಕಲ್ಲು ಒಡೆಯುವವರು ಬಸುರಿ ಕಲ್ಲು ಎನ್ನುತ್ತಾರೆ. ಬಂಡೆಯ ಹೊಟ್ಟೆಯಲ್ಲಿ ನಿಂತ ನೀರು, ಯಾರೂ ಕದಲಿಸದಿದ್ದರೆ, ಯುಗ ಕಳೆದು ಸ್ಫಟಿಕವಾಗುತ್ತದೆಯಂತೆ. ಅವಸರಪಟ್ಟ ನೀರು ಮಬ್ಬು ಬೆಣಚುಕಲ್ಲಾಗಿ ಉಳಿಯುತ್ತದೆಯಂತೆ. ಗಾಜು ಕೈಯಲ್ಲಿ ಬೇಗ ಬೆಚ್ಚಗಾದರೂ ಸ್ಫಟಿಕ ತಣ್ಣಗೇ ಇರುವುದು ಆ ನೀರಿನ ಗುಣದಿಂದಲೇ ಎನ್ನುತ್ತಾರೆ. ಅಂಥ ಕಲ್ಲು ಬಾಯಿ ತೆರೆದರೆ ಕೆಲಸ ನಿಲ್ಲಿಸಬೇಕು. ಯಾರ ಹಾರೆಗೆ ತೆರೆಯಿತೋ ಅವನ ಹೆಂಡತಿ ಬಂದು ಅದರ ಉಡಿ ತುಂಬಬೇಕು. ಆಮೇಲೆಯೇ ಮುಂದಿನ ಪೆಟ್ಟು.

ಬಸುವಿನ ಕೈ ಅಲ್ಲೇ ನಿಂತಿತು. ಅವನ ಹೆಂಡತಿ ಭಾಗ್ಯಶ್ರೀಯ ಚೊಚ್ಚಲ ಕೂಸು ಆ ಮಳೆಗಾಲದಲ್ಲಿ ಹೆರಿಗೆಯಲ್ಲೇ ತೀರಿಹೋಗಿತ್ತು. ಅಂದಿನಿಂದ ಸಾಲಿನಲ್ಲಿ ಯಾವ ಬಸುರಿಯ ಉಡಿ ತುಂಬುವ ಕುಪ್ಪಸದ ಕಾರ್ಯವಿದ್ದರೂ ಅವಳಿಗೆ ಕರೆ ಬಂದಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ಚನ್ನುವಿನ ಕಿವಿಯಲ್ಲಿ ಬಸು ಏನೋ ಹೇಳಿದ. ಚನ್ನುವಿನ ಹಾರೆಗೆ ಕಲ್ಲು ತೆರೆಯಿತೆಂದು ಸುದ್ದಿ ಹೋಯಿತು.

ಚನ್ನುವಿನ ಹೆಂಡತಿ ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ ಮೊರದಲ್ಲಿ ಹೊಂದಿಸಿಕೊಂಡು ಪಾಯಕ್ಕೆ ಇಳಿದಳು. ಸಾಲೆಲ್ಲ ನೋಡಲು ಬಂತು. ತೆಲುಗಿನ ಮೇಸ್ತ್ರಿ, ಕಲ್ಲಿಗೆ ಎಷ್ಟು ತಿಂಗಳು ಎಂದು ಕುಚೋದ್ಯ ಮಾಡಿದ.

"ದಿನಾ ತುಂಬ್ಯಾವು. ನೀ ಒದರಬ್ಯಾಡ, ಬೆದರತೈತಿ," ಎಂದರು ಹುಸೇನಮ್ಮ.

ಎಲ್ಲರ ಹಿಂದೆ ನಿಂತಿದ್ದ ಭಾಗ್ಯಶ್ರೀ ಪೊಟರೆಯನ್ನು ನೋಡಲಿಲ್ಲ. ಅದರ ಬಾಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಹಾರೆಯನ್ನು ನೋಡಿದಳು. ಗಂಡನ ಅಂಗೈಯಲ್ಲಿ ಬೊಬ್ಬೆ ಏಳದಿರಲೆಂದು ಅವಳೇ ಸುತ್ತಿದ್ದ ಹಸಿರು ಸೀರೆಯ ಚೂರು ಅದರ ಮೇಲಿತ್ತು. ಅವಳು ಬಸುವನ್ನು ಜಲ್ಲಿಯ ಗುಡ್ಡೆಯ ಮರೆಗೆ ಕರೆದಳು.

"ನನಗ ನೋವಾಗಬಾರದಂತ ಸುಳ್ಳ ಹೇಳಿದ್ರ್ಯೋ, ನನ್ನ ಕೈ ಹತ್ತಿದ್ರ ಕೆಡತೈತಂತ ಹೇಳಿದ್ರ್ಯೋ? ಒಂದ ಹೇಳ್ರಿ."

ಬಸು ನೆಲ ನೋಡಿದ. "ಮಂದಿ ನಿನ್ನ ಎದುರಿಗೆ ಏನಾರ ಅಂದ್ರ ನನಗ ತಡಕೊಳ್ಳಾಕ ಆಗಾಂಗಿಲ್ಲ."

"ಅಂದ್ರ ನಾ ಕೇಳಕೋತೀನಿ. ನೀವು ಮಗ್ಗಲಕ ನಿಂದರ್ರಿ, ಅಷ್ಟ ಸಾಕು."

ಇಬ್ಬರೂ ಪಾಯಕ್ಕೆ ಇಳಿದರು. ಹಾರೆ ತನ್ನದೆಂದು ಬಸು ಎಲ್ಲರೂ ಕೇಳುವಂತೆ ಹೇಳಿದ. ಗುಂಪಿನಲ್ಲಿ ಪಿಸುಮಾತು ಎದ್ದಿತು. ಹೊಟ್ಟೆ ಬರಿದಾದವಳ ಉಡಿ ಕಲ್ಲಿಗೂ ಆಗಿಬರುವುದಿಲ್ಲ ಎಂದೂ ಒಬ್ಬಳು ಅಂದಳು. ಬಸು ಕದಲಲಿಲ್ಲ. ಚನ್ನುವಿನ ಹೆಂಡತಿ ಮೊರ ಹಿಡಿದು ಹುಸೇನಮ್ಮನವರ ಮುಖ ನೋಡಿದಳು.

"ಒಳಗಿಂದು ಹರಳಾಗಾಕ ಎಷ್ಟ ಕಾಲ ಬೇಕಾತೋ, ಎಷ್ಟ ನೀರು ಇಂಗಿ ಹೋತೋ, ಆ ಕಲ್ಲಿಗಿ ಗೊತ್ತು," ಎಂದರು ಹುಸೇನಮ್ಮ. "ಅದು ಬಾಯಿ ತೆರದದ್ದು ಇಕಿ ಗಂಡನ ಕೈಗೆ. ಕೊಡವ್ವ ಮೊರ."

ಭಾಗ್ಯಶ್ರೀ ಮಂಡಿಯೂರಿದಳು. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಖಣ ಇಟ್ಟು, ಬೊಗಸೆಯಲ್ಲಿ ಅಕ್ಕಿ ತುಂಬಿ ಪೊಟರೆಗೆ ಇಳಿಬಿಟ್ಟಳು. ಕಾಳುಗಳು ಹರಳಿನಿಂದ ಹರಳಿಗೆ ತಾಗುತ್ತ ಸಣ್ಣಗೆ ಸದ್ದು ಮಾಡಿದವು. ಕೊನೆಯದು ಒಂದು ಸ್ಫಟಿಕದ ಹಿಂದೆ ನಿಂತು ಅದರ ಮುಖಮುಖದಲ್ಲೂ ಕಂಡಿತು. ಅವಳು ಕೈ ಒಳಗಿಟ್ಟು ಆ ತಂಪನ್ನು ಬಹಳ ಹೊತ್ತು ಮುಟ್ಟಿಕೊಂಡೇ ಇದ್ದಳು. ಬೇಗ ಮಾಡೆಂದು ಯಾರೂ ಅನ್ನಲಿಲ್ಲ, ಮೇಸ್ತ್ರಿಯೂ ಅನ್ನಲಿಲ್ಲ.

ಹುಸೇನಮ್ಮ ಕಥೆಯನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಏನಾಯಿತೆಂದು ಸಾಲಿಗೆ ಹೊಸದಾಗಿ ಬಂದವರು ಯಾರೋ ಕೇಳಿದರು. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಕತ್ತಲಾಗುವ ಮೊದಲೇ ಒಲೆ ಹಚ್ಚಬೇಕಾದ ಹೆಂಗಸರು ಸೀರೆ ಕೊಡವಿ ಎದ್ದರು. ಬಾಗಿಲಲ್ಲಿ ಭಾಗ್ಯಶ್ರೀ ಕುಂಕುಮದ ಭರಣಿ ಹಿಡಿದು ನಿಂತಿದ್ದಳು. ಹಚ್ಚಿಸಿಕೊಂಡು ಒಬ್ಬೊಬ್ಬರಾಗಿ ಮನೆಗೆ ನಡೆದರು. ಎಲ್ಲರಿಗಿಂತ ಹಿಂದೆ, ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ಎದ್ದ ತುಂಬು ಬಸುರಿಯೊಬ್ಬಳು ಅವಳ ಮುಂದೆ ಬಂದು ನಿಂತು, ಉಡಿಗೆಂದು ಸೆರಗು ಒಡ್ಡಿದಳು.