ಬಸಗೊಂಡಪ್ಪನ ಕೆರ ಕಾದ ಮನೆ

ವಿಜಾಪುರದ ಪೇಟೆಯಲ್ಲಿ ಕಳ್ಳರಿಗೆ ಇಬ್ಬರ ಭಯವಿತ್ತು. ಒಬ್ಬರು ಪೊಲೀಸ್ ಫೌಜದಾರರು. ಅವರಾದರೂ ಆಗಾಗ ರಜೆಯ ಮೇಲೆ ಹೋಗುತ್ತಿದ್ದರು. ಇನ್ನೊಬ್ಬ ಬಸಗೊಂಡಪ್ಪ. ಅವನಿಗೆ ರಜೆಯೇ ಬೇಕಾಗಿರಲಿಲ್ಲ, ಏಕೆಂದರೆ ಅವನು ಕೆಲಸವನ್ನೇ ಮಾಡುತ್ತಿರಲಿಲ್ಲ. ಮಾಡುತ್ತಿದ್ದವು ಅವನ ಕಾಲಿನ ಕೆರಗಳು.

ಹುಟ್ಟಿದೂರು ಬಬಲೇಶ್ವರವಾದರೂ ಅವನ ವಾಸ ವಿಜಾಪುರದ ಶಹಾಪುರ ಅಗಸಿಬಾಗಿಲ ಹತ್ತಿರದ ಒಂದು ಕೋಣೆಯಲ್ಲಿ. ದೀಪ ಹಚ್ಚುವ ಹೊತ್ತಿಗೆ ಕೆರದ ಜೋಡುಗಳನ್ನು ಕೋಲಿಗೆ ಪೋಣಿಸಿ ಹೆಗಲಿಗೇರಿಸಿಕೊಂಡು ಪೇಟೆಗೆ ಹೊರಡುತ್ತಿದ್ದ. ತನ್ನನ್ನು ಕಾವಲಿಗೆ ಹಿಡಿದ ಅಂಗಡಿ, ಅಡತಿ, ಮನೆಗಳ ಹೊಸ್ತಿಲಿಗೆ ಒಂದೊಂದು ಜೋಡು ಬಿಟ್ಟು, ಬರಿಗಾಲಲ್ಲಿ ಕೋಣೆಗೆ ಮರಳಿ, ರೊಟ್ಟಿ ತಿಂದು, ಗೊರಕೆ ಹೊಡೆಯುತ್ತಿದ್ದ. ಮೊಳೆ ಬಡಿದ, ಎಮ್ಮೆಯ ನಾಲಿಗೆಯಷ್ಟು ಉದ್ದದ ಆ ಕೆರ ಕಂಡ ಕಳ್ಳ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದ್ದ. ಹರೆಯದಲ್ಲಿ ಬಸಗೊಂಡಪ್ಪ ಏನು ಉದ್ಯೋಗ ಮಾಡುತ್ತಿದ್ದ ಎಂದು ಯಾರೂ ಕೇಳುತ್ತಿರಲಿಲ್ಲ. ಕಳ್ಳರ ಹಾದಿಗಳೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಗೊತ್ತಿದ್ದವು ಎಂದರೆ ತಿಳಿದವರು ತಿಳಿದುಕೊಳ್ಳುತ್ತಾರೆ. ಕಾವಲುಗಾರ ತಾನೇ ಬಂದು ಬಾಗಿಲಲ್ಲಿ ಕೂಡುವುದು ಅವನ ಪ್ರಕಾರ ನಾಚಿಕೆಗೇಡು. ಕೆರಕ್ಕೆ ಕಿಮ್ಮತ್ತಿಲ್ಲದವನು ಮಾತ್ರ ಮೈಯನ್ನು ತಂದು ಕೂರಿಸಬೇಕು ಎನ್ನುತ್ತಿದ್ದ.

ದೊಡ್ಡ ಯುದ್ಧ ನಡೆದ ಕಾಲ, ಸಾವಿರದ ಒಂಬೈನೂರ ನಲವತ್ತಮೂರು. ಭೂತನಾಳದ ರಸ್ತೆಯಲ್ಲಿ, ಊರಿನ ಗೋಡೆಯ ಹೊರಗೆ, ವಕೀಲ ಹಣಮಂತರಾಯರ ಮನೆಯನ್ನು ಬಾಡಿಗೆಗೆ ಹಿಡಿದು ಮಾರ್ತಾಬಾಯಿ ಎಂಬ ಡಾಕ್ಟರು ಬಂದಿದ್ದರು. ಝೆಕ್ ನಾಡಿನ ಯಹೂದಿ ಹೆಂಗಸು. ಜರ್ಮನರ ದಂಡು ತಮ್ಮೂರಿಗೆ ನುಗ್ಗಿದ ವರ್ಷ ಒಂದು ಪೆಟ್ಟಿಗೆ ಹಿಡಿದು ಹೊರಬಿದ್ದವರು, ಎಲ್ಲೆಲ್ಲೋ ಸುತ್ತಿ ಈ ಬಿಸಿಲೂರಿಗೆ ಬಂದು ಮುಟ್ಟಿದ್ದರು. ಹೆರಿಗೆಯಲ್ಲಿ ಅವರ ಕೈಗುಣ ದೊಡ್ಡದು. ಟಾಂಗಾದ ಲಾಡಲೇಸಾಬ ಅವರನ್ನು ಟಿಕೋಟ, ಬಬಲೇಶ್ವರ ಎಂದು ಸಂತೆ ಸಂತೆಗೆ ಕರೆದೊಯ್ಯುತ್ತಿದ್ದ. ರೋಗಿಗಳಿಂದ ಕಲಿತ ಕನ್ನಡ ಅವರದು. ಹಾಗಾಗಿ ಹೊಟ್ಟೆನೋವು, ಜ್ವರ, ಭೇದಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಉಳಿದ ವಿಷಯಕ್ಕೆ ಕೈ ಆಡಿಸುತ್ತಿದ್ದರು.

ಹಗಲಲ್ಲಿ ಗಟ್ಟಿಗಿತ್ತಿ. ಕತ್ತಲಾದರೆ ಜೀವ ಅಂಗೈಯಲ್ಲಿ. ಎಲ್ಲೋ ಒಂದು ಗುಡ್ಡದೂರಿನಲ್ಲಿ ಪರದೇಶದ ಮುದಿ ಗಂಡ ಹೆಂಡಿರನ್ನು ಅವರ ಬಂಗಲೆಯಲ್ಲೇ ಕಡಿದು ಹಾಕಿ ದೋಚಿದ್ದರೆಂದು ಪತ್ರಿಕೆಯಲ್ಲಿ ಬಂದಿತ್ತು. ಊರಿನ ಬಿಳಿ ಸಾಹೇಬರ ಹೆಂಡಿರು ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಪಿಸ್ತೂಲು ಇಟ್ಟುಕೋ, ನಾಯಿ ಸಾಕು, ಒಬ್ಬಳೇ ಹೊರಬೀಳಬೇಡ ಎಂದು ಚಹಾದ ಜೊತೆಗೆ ದಿನವೂ ಭಯವನ್ನೂ ಕುಡಿಸುತ್ತಿದ್ದರು. ಬಾಗಿಲಿಗೆ ಮೂರು ಅಗಳಿ ಹಾಕಿಸಿದರೂ ಬಾಯಿಯವರಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಕಡೆಗೆ ಒಬ್ಬ ಕಾವಲುಗಾರ ಬೇಕೆಂದು ಹಣಮಂತರಾಯರ ಹತ್ತಿರ ಹೇಳಿದರು. ಹಣಮಂತರಾಯರು ಬಸಗೊಂಡಪ್ಪನನ್ನು ಗೊತ್ತು ಮಾಡಿದರು. ಆದರೆ ಅವನು ಕಾಯುವ ರೀತಿ ಹೇಗೆಂದು ಅವರು ಹೇಳಲಿಲ್ಲ. ಊರಿಗೇ ಗೊತ್ತಿದ್ದ ಸಂಗತಿಯನ್ನು ಬಾಯಿ ಬಿಟ್ಟು ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಬಸಗೊಂಡಪ್ಪ ಆ ಮನೆಗೆ ತನ್ನ ಹೊಸ ಜೋಡನ್ನೇ ತೆಗೆದ. ಅದಕ್ಕೆ ಕಾರಣವಿತ್ತು. ಬಬಲೇಶ್ವರದಲ್ಲಿ ಮಗಳು ಶಂಕ್ರೆವ್ವನ ಮನೆಯಲ್ಲಿ ಮೊಮ್ಮಗಳು ಗುರುಸಿದ್ದವ್ವ ಬಸುರಿ. ಹಿಂದಿನ ಸಲ ಕೂಸು ಅಡ್ಡ ತಿರುಗಿ ಒಳಗೇ ಸತ್ತು, ಹುಡುಗಿ ಮಣ್ಣಿಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಈ ಸಲವೂ ಅಡ್ಡವೇ ಇದೆ ಎಂದು ಮಾರ್ತಾಬಾಯಿ ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದರು. ಹೆರಿಗೆಗೆ ತಾವೇ ಬರುವುದಾಗಿ ಮಾತೂ ಕೊಟ್ಟಿದ್ದರು. ಇಡೀ ಲೋಕದಲ್ಲಿ ಬಸಗೊಂಡಪ್ಪನಿಗೆ ಕರುಳು ಹಿಂಡುವ ಜೀವವೆಂದರೆ ಆ ಮೊಮ್ಮಗಳೊಂದೇ. ಈ ಬಾಯಿಯವರು ಊರಲ್ಲಿದ್ದರೆ ಅವಳು ಉಳಿದಾಳು ಎಂಬುದಷ್ಟೇ ಅವನ ನಂಬಿಕೆ.

ಈಗ ಎಡವಟ್ಟು ಹೇಗಾಯಿತು ಕೇಳಿ. ಸಂಜೆ ಹೊಸ್ತಿಲಲ್ಲಿ ಕೆರ ಕಂಡ ಬಾಯಿಯವರು, ಮುದುಕ ಸಪ್ಪಳವಾಗಬಾರದೆಂದು ಕೆರ ಕಳಚಿಟ್ಟು ಬರಿಗಾಲಲ್ಲಿ ಮನೆ ಸುತ್ತುತ್ತಿದ್ದಾನೆ ಎಂದು ತಿಳಿದರು. ಬೀದಿ ನಾಯಿ ಕಚ್ಚಿಕೊಂಡು ಹೋದರೆ ಪಾಪದವನಿಗೆ ನಷ್ಟ ಎಂದು ಕೆರಗಳನ್ನು ಒಳಗೆ ತಂದು, ಫಿನೈಲಿನಲ್ಲಿ ಒರೆಸಿ, ಕಪಾಟಿನ ಕೆಳಗೆ ಜೋಪಾನವಾಗಿ ಇಟ್ಟರು. ಬೆಳಕು ಹರಿಯುವ ಮುಂಚೆ ಮತ್ತೆ ಹೊಸ್ತಿಲಿಗೆ ತಂದಿಟ್ಟರು. ಬೆಳಿಗ್ಗೆ ಬಸಗೊಂಡಪ್ಪ ಬಂದು ನೋಡಿದರೆ ಕೆರ ಇಟ್ಟಲ್ಲೇ ಇವೆ. ವಾಸನೆ ಮಾತ್ರ ದವಾಖಾನೆಯದು. ರಾತ್ರಿಯೆಲ್ಲ ತಿರುಗಿ ದಣಿದಿದ್ದಾನೆಂದು ಬಾಯಿಯವರು ಅವನ ಮುಂದೆ ಬಿಸಿ ಹಾಲು, ಬೆಣ್ಣೆ ಹಚ್ಚಿದ ಡಬ್ಬಲ್ ರೊಟ್ಟಿ ಇಡುತ್ತಿದ್ದರು. ಗಡದ್ದಾಗಿ ನಿದ್ದೆ ಮಾಡಿ ಬಂದ ಬಸಗೊಂಡಪ್ಪ, ಪರದೇಶದವರು ಕೆರಕ್ಕೆ ಎಷ್ಟು ಗೌರವ ಕೊಡುತ್ತಾರಪ್ಪಾ ಎಂದು ಬೆರಗಾಗಿ ಹಾಲು ಕುಡಿಯುತ್ತಿದ್ದ. ಹೀಗೆ ಒಂದು ತಿಂಗಳು ಇಬ್ಬರೂ ಪರಸ್ಪರ ಮೆಚ್ಚಿಕೊಂಡು ಸುಖವಾಗಿದ್ದರು.

ಆಮೇಲೆ ಒಂದು ಅಮಾವಾಸ್ಯೆಯ ರಾತ್ರಿ ಕಳ್ಳರು ಬಂದರು. ಕಿಟಕಿಯ ಸರಳು ಬಗ್ಗಿಸಿ ಒಳನುಗ್ಗಿದ ಇಬ್ಬರಲ್ಲಿ ಒಬ್ಬ ಕುಡಗೋಲು ಎತ್ತಿ ಹಿಡಿದ. ಬಾಯಿಯವರು ಗಂಟಲು ಹರಿಯುವಂತೆ ಬಸಗೊಂಡಪ್ಪನನ್ನು ಕೂಗಿದರು. ಬಸಗೊಂಡಪ್ಪ ಶಹಾಪುರ ಅಗಸಿಯ ಕೋಣೆಯಲ್ಲಿ ಮಗ್ಗುಲು ಬದಲಿಸಿದ. ಕಳ್ಳರು ಕೈಗೆ ಸಿಕ್ಕ ಭಾರವಾದ ಪೆಟ್ಟಿಗೆಯನ್ನು ಎತ್ತಿಕೊಂಡು ಓಡಿದರು. ಅದರಲ್ಲಿದ್ದದ್ದು ಚಿನ್ನವಲ್ಲ, ಹೆರಿಗೆಯ ಸಾಮಾನು.

ಮರುದಿನ ಹಾಲಿಗೆಂದು ಬಂದ ಬಸಗೊಂಡಪ್ಪನಿಗೆ ಕಂಡದ್ದು ಬಗ್ಗಿದ ಸರಳು, ಅತ್ತು ಕೆಂಪಾದ ಕಣ್ಣು, ಕಟ್ಟಿದ ಗಂಟುಮೂಟೆ. ಶನಿವಾರದ ರೈಲಿಗೆ ಮುಂಬಯಿಗೆ ಹೋಗುತ್ತೇನೆ ಎಂದರು ಬಾಯಿಯವರು. ಅವನತ್ತ ನೋಡಲೂ ಇಲ್ಲ. ಕೆರದ ಮಾನ ಹೋದದ್ದು ಹಾಗಿರಲಿ, ಅವನ ಕಣ್ಣ ಮುಂದೆ ಬಂದು ನಿಂತವಳು ಗುರುಸಿದ್ದವ್ವ.

ಅಂದೇ ಟಿಕೋಟದ ಸಂತೆ. ವಿಜಾಪುರದಲ್ಲಿ ಕದ್ದದ್ದು ಟಿಕೋಟದಲ್ಲಿ ಮಾರುವುದು ಹಳೆಯ ರೂಢಿ. ಅದು ಬಸಗೊಂಡಪ್ಪನಿಗೆ ಹೇಗೆ ಗೊತ್ತು ಎಂದು ಕೇಳಬಾರದು. ಸಂತೆಯ ಕಮ್ಮಾರನ ಮುಂದೆ ಇಬ್ಬರು ಹರೆಯದವರು, ಒಬ್ಬರಿಗೊಬ್ಬರು ಭಾವ ಮೈದುನ, ಉದ್ದನೆಯ ಇಕ್ಕಳವೊಂದನ್ನು ಹಿಡಿದು ಇದು ಹಲ್ಲು ಕೀಳುವುದೋ ಲಾಳ ಕೀಳುವುದೋ ಎಂದು ತಾವೇ ಜಗಳವಾಡುತ್ತಿದ್ದರು. ಮೈದುನ ಪೆಟ್ಟಿಗೆಯ ಚೂರಿಯಿಂದ ಆಗಲೇ ಬೆರಳು ಕೊಯ್ದುಕೊಂಡಿದ್ದ. ಹಿಂದಿನಿಂದ ಬಸಗೊಂಡಪ್ಪನ ಕೈ ಹೆಗಲ ಮೇಲೆ ಬಿದ್ದಾಗ ಇಬ್ಬರೂ ನಿಂತಲ್ಲೇ ಕೂತರು. ನನ್ನ ಕೆರ ದಾಟಲು ಎಷ್ಟು ಧೈರ್ಯ ಎಂದು ಅವನು ಗುಡುಗಿದರೆ, ಭಾವನ ಮುಖದಲ್ಲಿ ಭಯಕ್ಕಿಂತ ನೋವೇ ಹೆಚ್ಚಾಗಿತ್ತು.

"ಎಲ್ಲಿದ್ದುವು ಕೆರ, ಕಾಕಾ? ಹೊಸ್ತಿಲಾ ಮುಟ್ಟಿ ಮುಟ್ಟಿ ಹುಡುಕೇವಿ. ಕೆರ ಇದ್ದಿದ್ರ ನಾವು ಆ ಮನಿ ಕಡೆ ಉಗಳತಿದ್ದಿಲ್ಲ."

ಬಸಗೊಂಡಪ್ಪ ಮೀಸೆಯ ಮೇಲಿಂದ ಕೈ ತೆಗೆದ. ಮಾತು ಸುಳ್ಳೆನಿಸಲಿಲ್ಲ. ಪೆಟ್ಟಿಗೆಯನ್ನು ಅವರ ತಲೆಯ ಮೇಲೆಯೇ ಹೊರಿಸಿ ವಿಜಾಪುರಕ್ಕೆ ನಡೆಸಿಕೊಂಡು ಬಂದ. ಬಾಯಿಯವರು ಕಳ್ಳರನ್ನು ಕಂಡು ಗೋಡೆಗೆ ಸರಿದರು. ಆದರೆ ರಕ್ತ ಸೋರುವ ಬೆರಳು ಕಂಡದ್ದೇ ಡಾಕ್ಟರಿಕೆ ಭಯಕ್ಕಿಂತ ಮುಂದಾಯಿತು. ಬೈಯುತ್ತಲೇ ತೊಳೆದು ಪಟ್ಟಿ ಕಟ್ಟಿದರು. ಪಟ್ಟಿ ಕಟ್ಟಿದ ಮೇಲೆ ಹಣಮಂತರಾಯರು ಇಬ್ಬರನ್ನೂ ಫೌಜದಾರರಿಗೆ ಒಪ್ಪಿಸಿದರು.

ಕೆರದ ಅರ್ಥ ಬಾಯಿಯವರಿಗೆ ತಿಳಿದದ್ದು ಆಗ. ಲಾಡಲೇಸಾಬ ಅರ್ಧ ಕನ್ನಡ, ಅರ್ಧ ಅಭಿನಯದಲ್ಲಿ ಬಿಡಿಸಿ ಹೇಳಿದ. ಅವರು ಮೊದಲು ಕಪಾಟಿನ ಕಡೆ ನೋಡಿದರು, ಆಮೇಲೆ ಬಸಗೊಂಡಪ್ಪನ ಹೊಟ್ಟೆಯ ಕಡೆ, ತಿಂಗಳಿಡೀ ಹಾಲು ಹೋದ ಜಾಗದ ಕಡೆ. ತುಟಿ ಒಮ್ಮೆ ನಗುವಿಗೆ ಅಲುಗಿತು. ಬಸಗೊಂಡಪ್ಪ ಅದನ್ನೇ ಹಿಡಿದುಕೊಂಡ. ಇನ್ನು ಮೇಲೆ ಕೆರ ಹೊರಗೇ ಇರಲಿ, ಈ ಸೀಮೆಯಲ್ಲಿ ಎಲ್ಲರೂ ನನ್ನನ್ನು ಬಲ್ಲವರೇ, ನಿಮ್ಮ ಕೂದಲು ಕೊಂಕುವುದಿಲ್ಲ ಎಂದ.

ನಗು ಆರಿತು. ಬಾಯಿಯವರು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ ಹೇಳಿದರು.

"ನಮ್ಮ ಊರಾಗೂ ಎಲ್ಲಾರೂ ಬಲ್ಲವರ ಇದ್ದರು, ಮುತ್ಯಾ. ನಮ್ಮ ಕಿಟಕಿ ಗಾಜು ಒಡದವರು ಅವರ. ನನ್ನ ತಮ್ಮನ ತಲಿ ಒಡದವರೂ ಅವರ."

ಕಳ್ಳನಿಗೆ ಒಂದು ಲೆಕ್ಕವಿರುತ್ತದೆ, ಅದಕ್ಕೆ ಕೆರ ಸಾಕು. ನೆರೆಯವನೇ ಕಲ್ಲು ಎತ್ತಿದರೆ ಯಾವ ಕೆರ ತಡೆಯುತ್ತದೆ? ಆ ಹೆಂಗಸು ತನ್ನ ಭಯವನ್ನು ಇಲ್ಲಿ ಕೊಂಡದ್ದಲ್ಲ, ಹೊತ್ತು ತಂದದ್ದು ಎಂದು ಬಸಗೊಂಡಪ್ಪನಿಗೆ ಆಗ ಅರ್ಥವಾಯಿತು. ಮೊಮ್ಮಗಳ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ನೊಂದವಳ ಮುಂದೆ ತನ್ನ ಗರಜು ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ಸ್ಟೇಷನ್ನಿನ ತನಕ ನಾನೇ ಬಂದು ಕಳಿಸುತ್ತೇನೆ ಎಂದಷ್ಟೇ ಹೇಳಿ ಹೊರಬಿದ್ದ. ದಾರಿಯುದ್ದಕ್ಕೂ ಮೂಗು ಸೋರಿತು. ಧೂಳು ಎಂದುಕೊಂಡ.

ಶನಿವಾರ ಲಾಡಲೇಸಾಬನ ಟಾಂಗಾ ಮುಂದೆ, ಕೋಲು ಹಿಡಿದ ಬಸಗೊಂಡಪ್ಪ ಹಿಂದೆ. ಸ್ಟೇಷನ್ನಿನ ಮುಂದೆ ಬಬಲೇಶ್ವರದ ಮೋಟಾರು ಬಸ್ಸು ಬಂದು ನಿಂತಿತ್ತು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುವ ಮೋಟಾರು. ಅದರಿಂದ ಮಸಿ ಮೆತ್ತಿದ ಮುಖದ ಗೊಲ್ಲಾಳಪ್ಪ ಇಳಿದ. ಶಂಕ್ರೆವ್ವನ ನೆರೆಮನೆಯವನು. ಗುರುಸಿದ್ದವ್ವನಿಗೆ ದಿನ ತುಂಬುವ ಮೊದಲೇ ಬೇನೆ ಹತ್ತಿದೆ, ಹೇಗಾದರೂ ಬಾಯಿಯವರನ್ನು ಕರೆತಾ ಎಂದು ಶಂಕ್ರೆವ್ವ ಕಳಿಸಿದ್ದಳು. ಬಸಗೊಂಡಪ್ಪ ಅವನ ಬಾಯಿ ಮುಚ್ಚಿಸಲು ನೋಡಿದ. ಅಷ್ಟರಲ್ಲಿ ರೈಲು ಸಿಳ್ಳು ಹಾಕಿತು.

ಬಾಯಿಯವರು ಆಗಲೇ ಕೇಳಿಸಿಕೊಂಡಿದ್ದರು. ಅವಳು ನಿನ್ನ ಮೊಮ್ಮಗಳೆಂದು ನನಗೆ ಯಾಕೆ ಹೇಳಲಿಲ್ಲ ಎಂದು ಮುದುಕನ ಮೇಲೆ ಹರಿಹಾಯ್ದರು. ಅವನ ಉತ್ತರಕ್ಕೆ ಕಾಯಲಿಲ್ಲ. ಗಂಟುಮೂಟೆಯನ್ನೆಲ್ಲ ಟಾಂಗಾದಲ್ಲೇ ಬಿಟ್ಟು, ಹೆರಿಗೆಯ ಪೆಟ್ಟಿಗೆಯೊಂದನ್ನೇ ಎತ್ತಿಕೊಂಡು ಮೋಟಾರು ಹತ್ತಿದರು. ಡ್ರೈವರ್ ಇನ್ನೂ ಚಹಾ ಕುಡಿದಿಲ್ಲ ಎಂದ. ಹಿಂದೆಯೇ ಹತ್ತಿದ ಬಸಗೊಂಡಪ್ಪ ಅವನನ್ನು ಸುಮ್ಮನೆ ನೋಡಿದ. ಚಹಾ ಮರೆತುಹೋಯಿತು.

ಸಾರವಾಡದ ಏರಿನಲ್ಲಿ ಮೋಟಾರು ಕೆಮ್ಮಿ ನಿಂತಿತು. ಬಯಲು ದಾರಿ, ಸುತ್ತ ಆಳೆತ್ತರದ ಜೋಳ. ಒಬ್ಬಂಟಿಯಾಗಿ ಎಲ್ಲಿ ನಿಲ್ಲಬಾರದು ಎಂದು ಸಾಹೇಬರ ಹೆಂಡಿರು ಹೇಳಿದ್ದರೋ ಅಂಥದೇ ಜಾಗ. ಜೋಳದೊಳಗಿಂದ ಕುಡಗೋಲು ಹಿಡಿದ ಹೆಣ್ಣು ಗಂಡುಗಳು ಹೊರಬಂದರು. ಬಾಯಿಯವರು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡರು. ಬಂದವರು ಕುಡಗೋಲನ್ನು ನಡುವಿಗೆ ಸಿಕ್ಕಿಸಿ, ಯಾರ ಮನೆಯ ಹೆರಿಗೆ ಎಂದು ಕೇಳಿ, ಮೋಟಾರಿಗೆ ಹೆಗಲು ಕೊಟ್ಟು ಏರು ಹತ್ತಿಸಿದರು. ಅವರಲ್ಲೊಬ್ಬಳು ಕಿಟಕಿಯಿಂದ ಒಂದು ಹಿಡಿ ಜೋಳದ ತೆನೆ ತುರುಕಿ, ಹಸಿದ ಹೊಟ್ಟೆಯಲ್ಲಿ ಹೆರಿಗೆ ಮಾಡಿಸಬೇಡಿ ಎಂದಳು. ಬಾಯಿಯವರು ತೆನೆಯನ್ನು ಏನು ಮಾಡಬೇಕೆಂದು ತಿಳಿಯದೆ ಬಬಲೇಶ್ವರದ ತನಕ ಹೂವಿನಂತೆ ಹಿಡಿದು ಕೂತಿದ್ದರು.

ಆ ದಿನವಿಡೀ, ಆ ರಾತ್ರಿಯ ಬಹುಪಾಲು, ಬಸಗೊಂಡಪ್ಪ ಶಂಕ್ರೆವ್ವನ ಮನೆಯ ಅಂಗಳದಲ್ಲಿ ನಿಂತೇ ಇದ್ದ. ಒಳಗಿನ ಒಂದೊಂದು ಕೂಗಿಗೂ ಅವನ ಮುಖ ಒಂದೊಂದು ವರ್ಷ ಮುದಿಯಾಯಿತು. ಹರೆಯದಲ್ಲಿ ಕುಡಗೋಲಿಗೆ ಅಂಜದವನು ಒಂದು ಮುಚ್ಚಿದ ಬಾಗಿಲಿಗೆ ಅಂಜಿ ಕಂಬ ಹಿಡಿದುಕೊಂಡಿದ್ದ. ಕೋಳಿ ಕೂಗುವ ಹೊತ್ತಿಗೆ ಸಣ್ಣ ಅಳು ಕೇಳಿತು. ಆಮೇಲೆ ಶಂಕ್ರೆವ್ವ ಹೊರಬಂದು, ಹೆಣ್ಣು ಕೂಸು, ತಾಯಿಯೂ ಚಲೋ ಇದ್ದಾಳೆ ಎಂದಳು. ಬಸಗೊಂಡಪ್ಪ ಕಂಬವನ್ನು ತಬ್ಬಿ ಕೂಸಿನಂತೆ ಅತ್ತುಬಿಟ್ಟ. ಈ ಸಲ ಧೂಳಿನ ನೆಪವನ್ನೂ ಹುಡುಕಲಿಲ್ಲ.

ಬಾಯಿಯವರು ಕೈ ತೊಳೆದು ಅಂಗಳದ ಹೊರಸಿನ ಮೇಲೆ ಸ್ವಲ್ಪ ಕೂತವರು ಹಾಗೇ ಒರಗಿದರು. ಒರಗಿದವರು ಮಲಗಿಬಿಟ್ಟರು. ಮೂರು ಅಗಳಿಯ ಮನೆಯಲ್ಲಿ ಬಾರದ ನಿದ್ದೆ, ಬಾಗಿಲೇ ಇಲ್ಲದ ಬಯಲು ಅಂಗಳದಲ್ಲಿ ಬಾಯಿ ತೆರೆದುಕೊಂಡು ಬಂದಿತ್ತು. ಊರಿನ ಅರ್ಧ ಜನ ಕೂಸು ನೋಡಲು ಬರತೊಡಗಿದರು. ಬಸಗೊಂಡಪ್ಪ ಕೋಲು ಹಿಡಿದು ಅಂಗಳದ ಬಾಯಲ್ಲಿ ನೆಲಕ್ಕೇ ಕೂತ. ಕೆಮ್ಮಿದವರಿಗೆ ಕಣ್ಣು ಬಿಟ್ಟ, ಕೋಳಿಗಳನ್ನು ಓಡಿಸಿದ, ಬಳೆ ಸದ್ದು ಮಾಡಿದ ಮುದುಕಿಯನ್ನು ಹೊರಗೇ ನಿಲ್ಲಿಸಿದ. ಹಳೆಯ ಗೆಳೆಯ ಶಿವಯೋಗೆಪ್ಪ, ಏನಪ್ಪಾ ಕಡೆಗೂ ಮೈ ತಂದು ಕೂರಿಸಿದೆಯಲ್ಲ ಎಂದು ಕೆಣಕಿದರೂ ಅವನು ಜಗ್ಗಲಿಲ್ಲ.

ಬಿಸಿಲು ಮುಖಕ್ಕೆ ಬಿದ್ದಾಗ ಬಾಯಿಯವರಿಗೆ ಎಚ್ಚರವಾಯಿತು. ಎಲ್ಲಿದ್ದೇನೆಂದು ಗಾಬರಿಯಾಗಿ ಎದ್ದು ಕೂತರು. ಎದುರಿಗೆ ಮುದುಕನ ಅಗಲವಾದ ಬೆನ್ನು ಕಂಡಿತು. ಬೆಳಗಿನಿಂದ ಇಲ್ಲೇ ಕೂತಿದ್ದೀಯಾ ಎಂದು ಕೇಳಿದರು. ಬಸಗೊಂಡಪ್ಪ ಮರ್ಯಾದೆಯನ್ನೇನೂ ಪೂರ್ತಿ ಬಿಟ್ಟಿರಲಿಲ್ಲ.

"ನಾ ಎಲ್ಲಿ ಕುಂತಿದ್ನಿರಿ? ಈಗ ಬಂದೇನಿ."

ಎನ್ನುತ್ತ ಏಳಲು ಹೋದ, ಜೋಮು ಹಿಡಿದ ಕಾಲು ಮೇಲೇಳಲಿಲ್ಲ. ಬಾಯಿಯವರು ಎದ್ದು ಬಂದು ಕೈ ಕೊಟ್ಟು ಎತ್ತಿದರು. ಎತ್ತಿದ ಕೈಯನ್ನು ತಟ್ಟನೆ ಬಿಡಲಿಲ್ಲ. ಅಷ್ಟರಲ್ಲಿ ಶಂಕ್ರೆವ್ವ ರೊಟ್ಟಿ, ಬೆಣ್ಣೆ ತಂದಿಟ್ಟು, ತಾಳಲಾರದೆ ಕೇಳಿಯೇಬಿಟ್ಟಳು, ಇನ್ನು ಮುಂಬಯಿಗೆ ರೈಲು ಯಾವಾಗ ಎಂದು.

ಬಾಯಿಯವರು ರೊಟ್ಟಿ ಮುರಿದು ಬೆಣ್ಣೆಗೆ ಒತ್ತಿದರು. ಕೂಸನ್ನು ನಾಡಿದ್ದು ಮತ್ತೆ ನೋಡಬೇಕು ಎಂದರು. ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ ಬಸಗೊಂಡಪ್ಪನ ಕಡೆ ತಿರುಗಿದರು.

"ಸಂಜಿ ಮೋಟಾರಕ್ಕ ನಾವು ಮನಿಗೆ ಹೋಗೂಣು, ಮುತ್ಯಾ."